ಟ್ಯಾಕಲ್ ಬಾಕ್ಸ್‌ನಲ್ಲಿ ಸಿಕ್ಕ ಹಳೇ ಮರದ ಲೂರ್‌ಗಳು: ಗುರುತಿಸೋದು, ಶುಚಿ ಮಾಡೋದು, ಮಾರೋದು ಹೇಗೆ?

ಡೆಟ್ರಾಯ್ಟ್_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿ ಒಂದು ಎಸ್ಟೇಟ್ ಸೇಲ್‌ನಲ್ಲಿ ಹಳೇ ತಗಡಿನ ಟ್ಯಾಕಲ್ ಬಾಕ್ಸ್ (ಮೀನು ಹಿಡಿಯೋ ಸಾಮಾನಿನ ಪೆಟ್ಟಿಗೆ) ತಗೊಂಡೆ. ಒಳಗೆ ಇರೋದು ಇವು:

– ಮರದ ಲೂರ್, ಅಂದರೆ ಮೀನು ಸೆಳೆಯೋ ನಕಲಿ ಎರೆ, ಒಂದು. ಗಾಜಿನ ಕಣ್ಣು, ಮೂಗಿಗೂ ಬಾಲಕ್ಕೂ ಸಣ್ಣ ಲೋಹದ ಫ್ಯಾನ್, ಐದು ಟ್ರೆಬಲ್ (ಮೂರು ಮೊನೆಯ) ಗಾಳ. ಫ್ಯಾನ್ ಮೇಲೆ ಏನೋ ಅಕ್ಷರ ಇದೆ, ಸವೆದಿದೆ.
– ಮರದ್ದೇ ಇನ್ನೊಂದು, ಹಸಿರು ಮೈ, ಬಾಯಿಯ ಕೆಳಗೆ ಲೋಹದ ತುಟಿ. ತುಟಿಯ ಮೇಲೆ ಕ್ರೀಕ್ ಚಬ್, ಗ್ಯಾರೆಟ್, ಇಂಡಿಯಾನಾ ಅಂತ, ಜೊತೆಗೆ 1920ರ ಸೆಪ್ಟೆಂಬರ್ 7ರ ಪೇಟೆಂಟ್ ತಾರೀಖು.
– ಕೆಂಪು ತಲೆ, ಬಿಳಿ ಮೈಯ ಎರಡು. ತಲೆಯನ್ನು ಓರೆಯಾಗಿ ಕೆತ್ತಿ ತೋಡಿದಂತಿದೆ. ಕಣ್ಣಿಲ್ಲ.
– ಬೇರೆ ತರಹದ್ದು ಇನ್ನೊಂದು, ಗಾಜಿನ ಕಣ್ಣಿದೆ, ಆದರೆ ಹೊಸದರ ಹಾಗೆ ಫಳಫಳ ಅನ್ನುತ್ತೆ.
– ನಾಲ್ಕು ಪ್ಲಾಸ್ಟಿಕ್ ಲೂರ್, ರಬ್ಬರ್ ಹುಳುಗಳ ಜೊತೆ ಕರಗಿ ಅಂಟಿಕೊಂಡಿವೆ.
– ಕಪ್ಪಾದ ಹಿತ್ತಾಳೆ ಸ್ಪೂನ್ (ಚಮಚದಾಕಾರದ ಲೂರ್) ಎರಡು.
– ಖಾಲಿ ರಟ್ಟಿನ ಡಬ್ಬಿ, ಪಕ್ಕದಲ್ಲಿ 718 ಅಂತ ನಂಬರ್.

ನನ್ನ ಪ್ರಶ್ನೆ ಮೂರು. ಇವು ಯಾವ ಕಾಲದವು ಅಂತ ಹೇಗೆ ತಿಳಿಯೋದು? ಬಣ್ಣ ಕೆಲವು ಕಡೆ ಎದ್ದಿದೆ, ತುಕ್ಕು ಇದೆ. ತೊಳೆದು, ಬಣ್ಣ ಹಚ್ಚಿ ಚೆನ್ನಾಗಿ ಮಾಡಬಹುದಾ? ಮಾರೋದಾದರೆ ಎಲ್ಲಿ, ಹೇಗೆ? ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಅದರಿಂದ ತೊಂದರೆ ಇದೆಯಾ ಅನ್ನೋದನ್ನೂ ಗೊತ್ತಿದ್ದವರು ಹೇಳಿ.

ಗಾಜಿನಕಣ್ಣು

ಮೊದಲ ಮಾತು: ಈ ಉತ್ತರಗಳನ್ನೆಲ್ಲ ಓದಿ ಮುಗಿಸೋವರೆಗೆ ಯಾವುದನ್ನೂ ತೊಳೀಬೇಡಿ, ಉಜ್ಜಬೇಡಿ, ಗಾಳ ಬಿಚ್ಚಬೇಡಿ. ಹಳೇ ಲೂರ್‌ಗೆ ಬೆಲೆ ಬರೋದು ಕಾರ್ಖಾನೆಯಲ್ಲಿ ಬಳಿದ ಮೂಲ ಬಣ್ಣದಿಂದ. ಅದು ಎದ್ದಿರಲಿ, ಬಿರುಕು ಬಿಟ್ಟಿರಲಿ, ಹೊಸ ಬಣ್ಣಕ್ಕಿಂತ ಯಾವಾಗಲೂ ಮೇಲು.

ಮಿಶಿಗನ್‌ನಲ್ಲಿ ಇದ್ದೀರಿ ಅಂದರೆ ಸರಿಯಾದ ಜಾಗದಲ್ಲೇ ಇದ್ದೀರಿ. ಹಳೇ ಅಮೆರಿಕನ್ ಲೂರ್ ಅಂದಾಗ ಸಂಗ್ರಾಹಕರು ಮೊದಲು ಹೇಳೋ ಐದು ಹೆಸರಲ್ಲಿ ಎರಡು ನಿಮ್ಮ ರಾಜ್ಯದ್ದೇ: ಡವಾಜ್ಯಾಕ್ ಊರಿನ ಹೆಡನ್, ಕಲಮಜೂ ಊರಿನ ಶೇಕ್ಸ್‌ಪಿಯರ್. ಉಳಿದವು ಪಕ್ಕದ ರಾಜ್ಯಗಳವು: ಇಂಡಿಯಾನಾದ ಗ್ಯಾರೆಟ್‌ನ ಕ್ರೀಕ್ ಚಬ್, ಅಲ್ಲಿಯದೇ ಸೌತ್ ಬೆಂಡ್, ಒಹಾಯೋದ ಆಕ್ರನ್‌ನ ಫ್ಲೂಗರ್.

ಕಾಲ ತಿಳಿಯೋಕೆ ಬಣ್ಣಕ್ಕಿಂತ ಮೊದಲು ಗಾಳವನ್ನು ಮೈಗೆ ಹೇಗೆ ಕೂರಿಸಿದ್ದಾರೆ ನೋಡಿ. ಹೆಡನ್ ಲೂರ್‌ಗಳಲ್ಲಿ ಇದು ಬಹಳ ಸ್ಪಷ್ಟ. 1900ರ ನಂತರದ ಮೊದಲ ವರ್ಷಗಳಲ್ಲಿ ಮರದಲ್ಲಿ ಸಣ್ಣ ಗುಳಿ ತೋಡಿ, ಅದರೊಳಗೆ ಲೋಹದ ಬಟ್ಟಲು ಕೂರಿಸಿ, ನಡುವೆ ಸ್ಕ್ರೂ-ಐ, ಅಂದರೆ ತುದಿಯಲ್ಲಿ ಉಂಗುರ ಇರೋ ಸ್ಕ್ರೂ, ತಿರುಗಿಸುತ್ತಿದ್ದರು. ಇದಕ್ಕೆ ಕಪ್ ರಿಗ್ ಅಂತಾರೆ. 1910ರ ದಶಕದ ಕೊನೆಯ ಹೊತ್ತಿಗೆ ಎಲ್ ಆಕಾರದ ತಂತಿ ಬಂತು, ಅದು ಎಲ್ ರಿಗ್. 1930ರ ಸುಮಾರಿಗೆ ಎರಡು ತಗಡಿನ ತುಂಡು ಸೇರಿಸಿದ ಟೂ-ಪೀಸ್ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲಿನವುಗಳಲ್ಲಿ ತಗಡು ಪೂರ್ತಿ ಮೈಯ ಮೇಲ್ಗಡೆಯೇ ಕೂತಿರುತ್ತೆ, ಅದು ಸರ್ಫೇಸ್ ರಿಗ್. ಇವುಗಳಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಹತ್ತು-ಹದಿನೈದು ವರ್ಷದ ಅಂತರದೊಳಗೆ ಕಾಲ ಸಿಕ್ಕ ಹಾಗೆ.

ಐದು ಗಾಳದ್ದು ಹೆಡನ್‌ನ 150 ನಂಬರಿನ ಮಾದರಿ ಆಗಿರಬಹುದು. ಹಾಗಿದ್ದರೆ ಮೈ ಸುಮಾರು ಮೂರೂಮುಕ್ಕಾಲು ಇಂಚು ಉದ್ದ ಇರಬೇಕು, ಬಾಲದಲ್ಲಿ ಒಂದು ಗಾಳ, ಎರಡೂ ಮಗ್ಗುಲಲ್ಲಿ ತಲಾ ಎರಡು. ಮೂರು ಗಾಳದ ಚಿಕ್ಕದು 100. ಆದರೆ ಐದು ಗಾಳ ಕಂಡ ಕೂಡಲೇ ಹೆಡನ್ ಅನ್ನಬೇಡಿ. ಶೇಕ್ಸ್‌ಪಿಯರ್, ಫ್ಲೂಗರ್, ಸೌತ್ ಬೆಂಡ್ ಮೂರೂ ಕಂಪನಿಗಳು ಇದೇ ಆಕಾರದ್ದು ಮಾಡಿವೆ. ಫ್ಯಾನ್ ಮೇಲಿನ ಅಕ್ಷರ ಓದೋಕೆ ಅದನ್ನು ಉಜ್ಜೋದು ಬೇಡ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಲೋಹಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಸವೆದ ಅಚ್ಚೂ ನೆರಳಲ್ಲಿ ಎದ್ದು ಕಾಣುತ್ತೆ. ಹೆಡನ್ ಅಥವಾ ಡವಾಜ್ಯಾಕ್ ಅನ್ನೋ ಅಕ್ಷರ ಬಂದರೆ ಅನುಮಾನ ಮುಗೀತು. ಮೈಯಲ್ಲಿ ಗಾಳ ಸಿಕ್ಕಿಸೋ ತಂತಿಯನ್ನು ಒತ್ತಿ ಗಾಳ ಬಿಡಿಸೋ ಹಾಗಿದ್ದರೆ ಫ್ಲೂಗರ್‌ನ ನೆವರ್‌ಫೇಲ್ ಕಡೆ ಹುಡುಕಿ.

ಹಸಿರು ಮೈಯ ಕ್ರೀಕ್ ಚಬ್ ಬಹುಶಃ ಪೈಕಿ ಮಿನ್ನೋ (Pikie Minnow) ಅನ್ನೋ ಮಾದರಿ. ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ: ತುಟಿಯ ಮೇಲಿನ 1920 ಪೇಟೆಂಟ್ ಸಿಕ್ಕ ವರ್ಷ, ನಿಮ್ಮ ಲೂರ್ ಹುಟ್ಟಿದ ವರ್ಷ ಅಲ್ಲ. ಅದೇ ಅಚ್ಚು ಮುಂದೆ ದಶಕಗಟ್ಟಲೆ ನಡೀತು. ಅಕ್ಷರವೇ ಇಲ್ಲದ ಖಾಲಿ ತುಟಿ ಇದ್ದರೆ ಅದು ಪೇಟೆಂಟ್‌ಗಿಂತ ಮೊದಲಿನದು ಇರಬಹುದು, ಅಂಥದ್ದನ್ನು ಜಾಸ್ತಿ ಗಮನಿಸಿ. ಗಾಜಿನ ಕಣ್ಣನ್ನೂ ಇಲ್ಲಿ ಒಂಟಿ ಸಾಕ್ಷಿ ಮಾಡಿಕೊಳ್ಳಬೇಡಿ. ಬೇರೆ ಕಂಪನಿಗಳು ಯುದ್ಧದ ಹೊತ್ತಿಗೆ ಬಣ್ಣದ ಕಣ್ಣಿಗೆ ತಿರುಗಿದ ಮೇಲೂ ಕ್ರೀಕ್ ಚಬ್ ಪೈಕಿಗೆ ಗಾಜಿನ ಕಣ್ಣೇ ಹಾಕುತ್ತಿತ್ತು.

ಡಬ್ಬಿಯ 718 ಬಗ್ಗೆ: ಕ್ರೀಕ್ ಚಬ್ ನಂಬರ್‌ನಲ್ಲಿ ಕೊನೆಯ ಎರಡು ಅಂಕಿ ಬಣ್ಣ, ಅದಕ್ಕೂ ಮೊದಲಿನದು ಮಾದರಿ. 700 ಸರಣಿ ಅಂದರೆ ಪೈಕಿ, 900 ಬೇಬಿ ಪೈಕಿ, 2600 ನಡುವೆ ಕೀಲು ಇರೋ ಪೈಕಿ. ಬಣ್ಣದಲ್ಲಿ 00 ಪೈಕ್, 01 ಪರ್ಚ್ (ಎರಡೂ ಮೀನಿನ ಹೆಸರು), 18 ಸಿಲ್ವರ್ ಫ್ಲ್ಯಾಶ್, 19 ಕಪ್ಪೆ. ಅಂದರೆ ಈ ಡಬ್ಬಿ ಸಿಲ್ವರ್ ಫ್ಲ್ಯಾಶ್ ಬಣ್ಣದ ಪೈಕಿಯದು. ನಿಮ್ಮ ಹಸಿರು ಲೂರ್ 700, ಅಂದರೆ ಪೈಕ್ ಬಣ್ಣದ್ದು ಆಗಿದ್ದರೆ ಡಬ್ಬಿ ಅದರದಲ್ಲ. ಎರಡನ್ನೂ ಜೋಡಿ ಅಂತ ಮಾರಬೇಡಿ. 718 ಲೂರ್ ಇಟ್ಟುಕೊಂಡು ಡಬ್ಬಿ ಹುಡುಕುತ್ತಿರೋರು ಇರ್ತಾರೆ, ಖಾಲಿ ಡಬ್ಬಿಗೇ ಒಳ್ಳೆ ಗಿರಾಕಿ ಸಿಗುತ್ತೆ.

ಕೆಂಪು ತಲೆಯವು ಸೌತ್ ಬೆಂಡ್‌ನ ಬಾಸ್-ಒರೆನೋ. ಕಣ್ಣಿಲ್ಲದವು ಮೊದಮೊದಲಿನವು. ಆದರೂ ಲಕ್ಷಗಟ್ಟಲೆ ಮಾರಿಹೋದ ಮಾಲು, ಬೆಲೆ ಹೆಚ್ಚಿಲ್ಲ. ಪ್ಲಾಸ್ಟಿಕ್ಕಿನವುಗಳ ಮೇಲೆ ಸ್ಪೂಕ್ ಅನ್ನೋ ಹೆಸರು ಇದ್ದರೆ ಹೆಡನ್. 1930ರ ದಶಕದಿಂದ ಅವರ ಪ್ಲಾಸ್ಟಿಕ್ ಲೂರ್‌ಗಳಿಗೆ ಆ ಹೆಸರು.

ಫಳಫಳ ಅನ್ನೋ ಒಂದರ ಮೇಲೆ ನನಗೆ ಅನುಮಾನ. 365 ಅಥವಾ 395 ನ್ಯಾನೋಮೀಟರ್‌ನ ಯುವಿ ಟಾರ್ಚ್ ತಗೊಂಡು ಕತ್ತಲಲ್ಲಿ ನೋಡಿ. ಮೂಲ ಬಣ್ಣ ಇಡೀ ಮೈಗೆ ಒಂದೇ ಥರ ಕಾಣುತ್ತೆ. ತೇಪೆ ಹಾಕಿದ್ದರೆ ಆ ಜಾಗ ಮಾತ್ರ ಬೇರೆ ಬಣ್ಣದಲ್ಲಿ ಹೊಳೆಯುತ್ತೆ ಅಥವಾ ಕಪ್ಪಾಗಿ ನಿಲ್ಲುತ್ತೆ. ಆಮೇಲೆ ಸ್ಕ್ರೂ ತಲೆಯ ಸಂದು, ಗಾಳದ ಬಟ್ಟಲಿನ ಒಳಗೆ, ಕಣ್ಣಿನ ಅಂಚು ನೋಡಿ. ಲೋಹದ ಮೇಲೆ ಬಣ್ಣ ಹತ್ತಿದ್ದರೆ, ಕಣ್ಣಿನ ಗಾಜಿನ ಮೇಲೆ ಬಣ್ಣದ ಗೆರೆ ಏರಿದ್ದರೆ, ಬಿರುಕಿನ ಒಳಗೂ ಬಣ್ಣ ಇಳಿದಿದ್ದರೆ ಆಮೇಲೆ ಬಳಿದದ್ದು ಅಂತಲೇ ಅರ್ಥ. ಮರ ಒಣಗಿ ಬಣ್ಣ ಬಿರಿಯಬೇಕೇ ಹೊರತು ಬಿರಿದ ಮೇಲೆ ಬಣ್ಣ ಬರೋದಿಲ್ಲ.

ದೇವದಾರು

ಗಾಜಿನಕಣ್ಣು ಅವರು ಗುರುತಿಸೋ ಬಗ್ಗೆ ಹೇಳಿದ್ದಾರೆ, ನಾನು ಶುಚಿ ಮಾಡೋದು ಹೇಳ್ತೀನಿ.

ಮೊದಲು ಮನೆಯಲ್ಲಿ ಕೈಗೆ ಸಿಗೋ ಯಾವುದನ್ನು ಮುಟ್ಟಬಾರದು ಅನ್ನೋದು. ಹಿತ್ತಾಳೆ ಸ್ಪೂನ್ ಕಂಡ ತಕ್ಷಣ ನಮ್ಮ ಕೈ ಹುಣಸೆಹಣ್ಣಿಗೋ ಪೀತಾಂಬರಿ ಪುಡಿಗೋ ಹೋಗುತ್ತೆ. ದಯವಿಟ್ಟು ಬೇಡ. ಈ ಸ್ಪೂನ್‌ಗಳ ಮೇಲೆ ಬಹಳ ಸಲ ನಿಕ್ಕೆಲ್ ಅಥವಾ ತಾಮ್ರದ ತೆಳು ಲೇಪ ಇರುತ್ತೆ. ಹುಳಿ ಮತ್ತು ಪುಡಿ ಎರಡೂ ಸೇರಿ ಆ ಲೇಪವನ್ನು ಕಿತ್ತು, ಕೆಳಗಿನ ಹಿತ್ತಾಳೆ ದೇವರಮನೆ ದೀಪದ ಹಾಗೆ ಹೊಳೆಯುತ್ತೆ. ಅಚ್ಚೊತ್ತಿದ ಅಕ್ಷರದ ಅಂಚೂ ಸವೆಯುತ್ತೆ. ಕೊಳ್ಳೋರಿಗೆ ಬೇಕಾಗಿರೋದು ಆ ಕಪ್ಪು ಪದರವೇ. ಮೆತ್ತನೆ ಬಟ್ಟೆಯಲ್ಲಿ ದೂಳು ಒರೆಸಿ, ಅಷ್ಟು ಸಾಕು.

ಅಸಿಟೋನ್, ಉಗುರುಬಣ್ಣ ತೆಗೆಯೋ ದ್ರವ, ಸ್ಯಾನಿಟೈಸರ್, ಸ್ಪಿರಿಟ್: ಇವು ಹಳೇ ವಾರ್ನಿಶ್ಶನ್ನೂ ಲ್ಯಾಕರನ್ನೂ ಕರಗಿಸುತ್ತವೆ. ಹಳೇ ಸೆಲ್ಯುಲೋಸ್ ಪ್ಲಾಸ್ಟಿಕ್ ಮೇಲೆ ಅಸಿಟೋನ್ ಬಿದ್ದರೆ ಮೇಲ್ಮೈ ಆಗಲೇ ಮೆತ್ತಗಾಗಿ ಬೆರಳಚ್ಚು ಉಳಿಯುತ್ತೆ. ಡಬ್ಲ್ಯೂಡಿ-40 ಬಿರುಕಿನೊಳಗೆ ಇಳಿದು ಬಣ್ಣದ ಅಡಿಯಿಂದ ಎಬ್ಬಿಸುತ್ತೆ. ಕೊಬ್ಬರಿ ಎಣ್ಣೆ ಸವರಿದರೆ ಒಂದು ದಿನ ಹೊಳಪು ಬರುತ್ತೆ, ಆಮೇಲೆ ದೂಳು ಹಿಡಿದು ಕಮಟು ವಾಸನೆ ಬರುತ್ತೆ. ಜೊತೆಗೆ ಬಿರುಕು ಮುಚ್ಚೋಕೆ ಎಣ್ಣೆ ಹಚ್ಚಿದ್ದಾರೆ ಅಂತ ಕೊಳ್ಳೋರು ಅನುಮಾನ ಪಡ್ತಾರೆ.

ಮರದ ಲೂರ್ ಶುಚಿ ಮಾಡೋ ಕ್ರಮ: ಒಂದು ಲೋಟ, ಅಂದರೆ 200 ಎಂಎಲ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ದ್ರವ ಎರಡು ಹನಿ. ಕಾಟನ್ ಬಡ್ ಅದ್ದಿ, ಟಿಶ್ಯೂ ಮೇಲೆ ಒತ್ತಿ ನೀರು ಹಿಂಡಿಬಿಡಿ, ಒದ್ದೆ ಅನ್ನಿಸೋಷ್ಟು ಮಾತ್ರ ಇರಲಿ. ಮೊದಲು ಹೊಟ್ಟೆಯ ಕಡೆ, ಗಾಳದ ಹತ್ತಿರ, ಯಾರಿಗೂ ಕಾಣದ ಜಾಗದಲ್ಲಿ ಪರೀಕ್ಷೆ. ಬಡ್ ಅನ್ನು ಉಜ್ಜದೆ ಉರುಳಿಸಿ. ಬಡ್‌ಗೆ ಕಂದು ಅಥವಾ ಹಳದಿ ಬಂದರೆ ಕೊಳೆ, ಮುಂದುವರಿಸಿ. ಕೆಂಪು, ಹಸಿರು, ಬಿಳಿ ಬಂದರೆ ಬಣ್ಣ ಬಿಡ್ತಾ ಇದೆ, ಅಲ್ಲಿಗೇ ನಿಲ್ಲಿಸಿ. ಒಂದು ಇಂಚು ಜಾಗ ಮುಗಿದ ಮೇಲೆ ಬರೀ ಡಿಸ್ಟಿಲ್ಡ್ ನೀರಿನ ಇನ್ನೊಂದು ಬಡ್, ಆಮೇಲೆ ತಕ್ಷಣ ಒಣ ಬಟ್ಟೆ. ಲೂರ್ ಅನ್ನು ನೀರಲ್ಲಿ ಮುಳುಗಿಸಲೇಬಾರದು. ಕಣ್ಣಿನ ಗುಳಿ, ಸ್ಕ್ರೂ ತೂತು, ಬಿರುಕು ಎಲ್ಲ ಕಡೆಯಿಂದ ನೀರು ಒಳಗೆ ಹೋಗುತ್ತೆ, ದೇವದಾರು ಮರ ಉಬ್ಬುತ್ತೆ, ಒಣಗುವಾಗ ಕುಗ್ಗುತ್ತೆ, ಬಣ್ಣ ಆ ಎಳೆತ ತಾಳಲಾರದೆ ಹಾಳೆಹಾಳೆಯಾಗಿ ಏಳುತ್ತೆ. ಈಗಾಗಲೇ ಎದ್ದು ನಿಂತ ಬಣ್ಣದ ಚಕ್ಕೆ ಇದ್ದರೆ ಆ ಭಾಗದ ಹತ್ತಿರ ಬಡ್ ತರಬೇಡಿ. ಸೂಪರ್‌ಗ್ಲೂ ಹಾಕಿ ಅಂಟಿಸೋ ಆಸೆಯೂ ಬೇಡ, ಅದು ಸುತ್ತ ಹರಡಿ ಬಿಳಿ ಮಂಜು ಬಿಡುತ್ತೆ.

ತುಕ್ಕು: ಗಾಳದ ಮೇಲೆ ಮಾತ್ರ, ನಾಲ್ಕು ಸೊನ್ನೆಯ ನಂಬರಿನ ಉಕ್ಕಿನ ಉಣ್ಣೆಯ (ಸ್ಟೀಲ್ ವೂಲ್) ಕಡಲೆಕಾಳಿನಷ್ಟು ಉಂಡೆಯಿಂದ ಹಗುರಾಗಿ. ಗಾಳಕ್ಕೂ ಮೈಗೂ ನಡುವೆ ಮಡಿಸಿದ ಕಾರ್ಡ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ತುಕ್ಕಿನ ಪುಡಿ ಬಿಳಿ ಹೊಟ್ಟೆಯ ಮೇಲೆ ಬಿದ್ದು ಕಲೆ ಕೂರುತ್ತೆ. ಕೊನೆಗೆ ಟೂತ್‌ಪಿಕ್ ತುದಿಯಲ್ಲಿ ಹೊಲಿಗೆಯಂತ್ರದ ಎಣ್ಣೆ ಒಂದು ಸಣ್ಣ ಹನಿ, ಗಾಳಕ್ಕೆ ಮಾತ್ರ. ಗಾಳ ಬಿಚ್ಚಿ ಮಾಡೋಣ ಅನ್ನಿಸುತ್ತೆ, ಬಿಚ್ಚಬೇಡಿ. ತುಕ್ಕು ಹಿಡಿದ ಸ್ಕ್ರೂ ಮರದ ನಾರನ್ನು ಕಚ್ಚಿಕೊಂಡಿರುತ್ತೆ, ತಿರುಗಿಸಿದರೆ ಒಂದೋ ಸ್ಕ್ರೂ ಮುರಿಯುತ್ತೆ, ಇಲ್ಲ ಹೊಟ್ಟೆ ಉದ್ದಕ್ಕೆ ಸೀಳುತ್ತೆ. ಮುರಿದ ಗಾಳಕ್ಕೆ ಬದಲು ಹೊಸದು ಹಾಕೋದೂ ತಪ್ಪು; ಮುರಿದದ್ದೇ ಇರಲಿ.

ಪ್ಲಾಸ್ಟಿಕ್ ಕರಗಿದ್ದರ ಕಾರಣ: ಮೆತ್ತನೆ ಹುಳುಗಳಲ್ಲಿರೋ ಪ್ಲಾಸ್ಟಿಸೈಜರ್ (ಅವನ್ನು ಮೆತ್ತಗಿಡೋ ರಾಸಾಯನಿಕ) ಹೊರಗೆ ಬಂದು ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಮೆತ್ತಗೆ ಮಾಡುತ್ತೆ. ಇದಕ್ಕೆ ಇಲ್ಲಿನೋರು ವರ್ಮ್ ಬರ್ನ್ ಅಂತಾರೆ. ಕರಗಿದ ಗುರುತು ವಾಪಸ್ ಹೋಗೋದಿಲ್ಲ. ಈಗಲೇ ಬೇರೆ ಮಾಡಿ, ಅಂಟಿರೋದನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಮರದ ಕಡ್ಡಿಯಿಂದ ಎಬ್ಬಿಸಿ. ಮರದ ಲೂರ್‌ಗಳನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ. ಲಂಗದ ಹಾಗೆ ರಬ್ಬರ್ ಎಳೆ ಇರೋ ಲೂರ್‌ಗಳನ್ನೂ ಬೇರೆ ಖಾನೆಯಲ್ಲಿಡಿ. ವಿನಿಗರ್ ವಾಸನೆ ಬರೋ ಪ್ಲಾಸ್ಟಿಕ್ ಲೂರ್ ಇದ್ದರೆ ಅದು ತಾನೇ ಕೊಳೀತಿದೆ, ಅದನ್ನು ಮುಚ್ಚಿದ ಡಬ್ಬಿಯಲ್ಲಿ ಉಳಿದವುಗಳ ಜೊತೆ ಇಡಬೇಡಿ, ಗಾಳಿ ಆಡಲಿ. ಇಡೋ ಜಾಗ ನೆಲಮಾಳಿಗೆ ಬೇಡ, ಕಿಟಕಿ ಬಿಸಿಲೂ ಬೇಡ. ತೇವಾಂಶ ಶೇ 45–50ರ ಆಸುಪಾಸು ಏರಿಳಿಯದೆ ಇದ್ದರೆ ಮರ ಸುಮ್ಮನಿರುತ್ತೆ.

ಡೆಟ್ರಾಯ್ಟ್_ದಡ

ಇಬ್ಬರಿಗೂ ತುಂಬಾ ಧನ್ಯವಾದ. ಐದು ಗಾಳದ್ದರ ಫ್ಯಾನ್ ಮೇಲೆ ಓರೆ ಬೆಳಕಲ್ಲಿ ಡವಾಜ್ಯಾಕ್ ಅಂತ ಓದಕ್ಕೆ ಬಂತು, ಗಾಳಗಳು ಬಟ್ಟಲಿನೊಳಗೆ ಕೂತಿವೆ. ಫಳಫಳ ಅನ್ನೋದು ಯುವಿ ಬೆಳಕಲ್ಲಿ ಬೆನ್ನು ಪೂರ್ತಿ ಬೇರೆ ಬಣ್ಣ, ಸ್ಕ್ರೂ ಸಂದಿನಲ್ಲೂ ಬಣ್ಣ ಇದೆ. ಅದು ಹೇಗೂ ಕೆಟ್ಟಿದ್ದೇ ಆದ್ದರಿಂದ ಅದನ್ನಾದರೂ ಮೊದಲಿನಿಂದ ಸರಿಯಾಗಿ ಬಣ್ಣ ಮಾಡಬಹುದಾ?

ದೇವದಾರು

ಖಂಡಿತ ಮಾಡಬಹುದು, ಕಲಿಯೋಕೆ ಅಂಥದ್ದೇ ಬೇಕು. ಒಂದೇ ಷರತ್ತು: ಮೊದಲು ಹೊಟ್ಟೆ ಮೇಲೆ, ಗಾಳದ ತಗಡಿನ ಪಕ್ಕ, ಬಣ್ಣ ತೆಗೆದ ಬರೀ ಮರದಲ್ಲಿ ಸೂಜಿಯಿಂದ ಮರುಬಣ್ಣ ಅನ್ನೋ ಅರ್ಥದ ಗುರುತು ಮತ್ತು ವರ್ಷ ಕೊರೆಯಿರಿ. ಮೇಲಿನ ಬಣ್ಣದ ಮೇಲೆ ಬರೆದರೆ ಮುಂದಿನವರು ಅಳಿಸಬಹುದು, ಮರದಲ್ಲಿ ಕೊರೆದದ್ದು ಉಳಿಯುತ್ತೆ.

ಹಳೇ ಬಣ್ಣದಲ್ಲಿ ಸೀಸ ಇದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಅಮೆರಿಕದಲ್ಲಿ ಮನೆಬಣ್ಣದಲ್ಲಿ ಸೀಸ ನಿಷೇಧ ಆಗಿದ್ದೇ 1978ರಲ್ಲಿ. ಒಣಗಿದ ಸ್ಯಾಂಡ್‌ಪೇಪರ್ ಉಜ್ಜೋದು ಬೇಡ, ದೂಳು ಶ್ವಾಸಕ್ಕೆ ಹೋಗುತ್ತೆ. ಸಣ್ಣ ದೂಳು ತಡೆಯೋ ಪಿ100 ಮಾಸ್ಕ್, ಕೈಗವಸು, ಕೆಳಗೆ ಪೇಪರ್, ಮಕ್ಕಳು ಓಡಾಡದ ಜಾಗ. ಬಣ್ಣ ತೆಗೆಯೋ ಜೆಲ್ ಹಚ್ಚಿ ಪ್ಲಾಸ್ಟಿಕ್ ತುಂಡಿನಿಂದ ಎತ್ತಿ, ಉಳಿದದ್ದನ್ನು 220ರ ವೆಟ್ ಪೇಪರ್‌ನಲ್ಲಿ ನೀರು ಚಿಮುಕಿಸಿ ತೆಗೆಯಿರಿ. ಕುದಿಯೋ ನೀರಲ್ಲಿ ಹಾಕಿದರೆ ಬಣ್ಣ ಬೇಗ ಬಿಡುತ್ತೆ ನಿಜ, ಆದರೆ ಮರ ಉಬ್ಬಿ ಹೊಟ್ಟೆಯೊಳಗಿನ ಸೀಸದ ತೂಕ ಸಡಿಲವಾಗುತ್ತೆ, ಆಮೇಲೆ ಲೂರ್ ಅಲ್ಲಾಡಿಸಿದರೆ ಲಟಲಟ ಸದ್ದು.

ಎರಡು ದಿನ ನೆರಳಲ್ಲಿ ಒಣಗಲಿ. ಸ್ಕ್ರೂ ತೂತು ದೊಡ್ಡದಾಗಿದ್ದರೆ ಟೂತ್‌ಪಿಕ್‌ಗೆ ಮರದ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಚಪ್ಪಟೆ ಕತ್ತರಿಸಿ, 1.5 ಎಂಎಂ ಡ್ರಿಲ್ ಬಿಟ್‌ನಿಂದ ಹೊಸ ತೂತು. ಸ್ಕ್ರೂ ಎಳೆಗೆ ಸಾಬೂನು ಸವರಿ ತಿರುಗಿಸಿದರೆ ಮರ ಸೀಳೋದಿಲ್ಲ. ಬಿರುಕಿಗೆ ಎರಡು ಭಾಗದ ಎಪಾಕ್ಸಿ ಪುಟ್ಟಿ. ಆಮೇಲೆ ಸ್ಯಾಂಡಿಂಗ್ ಸೀಲರ್ ಎರಡು ಕೋಟು, ನಡುವೆ 400ರ ಪೇಪರ್. ಸೀಲರ್ ಬಿಟ್ಟರೆ ಮರದೊಳಗಿನ ಗಾಳಿ ಕೊನೆಯ ಎಪಾಕ್ಸಿಯಲ್ಲಿ ಗುಳ್ಳೆಯಾಗಿ ಬರುತ್ತೆ. ಬಿಳಿ ಪ್ರೈಮರ್ ತೆಳ್ಳಗೆ ಎರಡು ಸಲ.

ಏರ್‌ಬ್ರಶ್‌ಗೆ 0.3 ಎಂಎಂ ನಾಜಲ್, ಒತ್ತಡ 20–25 ಪಿಎಸ್‌ಐ. ಮೀನಿನ ಪೊರೆಯ ಚಿತ್ತಾರಕ್ಕೆ ನೆಟ್ ಬಟ್ಟೆ ಬಳಸಿ. ಇಲ್ಲಿ ಒಂದು ಲೆಕ್ಕ ನೆನಪಿಡಿ: ನೂಲು ಮುಚ್ಚಿದ ಜಾಗದಲ್ಲಿ ಮೊದಲಿನ ಬಣ್ಣ ಉಳಿಯುತ್ತೆ, ಸಂದಿನಲ್ಲಿ ಹೊಸ ಬಣ್ಣ ಬೀಳುತ್ತೆ. ಬೆಳ್ಳಿ ಗೆರೆಯ ಹಸಿರು ಪೊರೆ ಬೇಕಾದರೆ ಮೊದಲು ಬೆಳ್ಳಿ, ಆಮೇಲೆ ನೆಟ್ ಬಿಗಿಯಾಗಿ ಸುತ್ತಿ ಬಟ್ಟೆ ಕ್ಲಿಪ್ ಹಾಕಿ, ಮೇಲೆ ಹಸಿರು. ನೇರವಾಗಿ ಸ್ಪ್ರೇ ಮಾಡಿ. ಓರೆಯಾಗಿ ಹೊಡೆದರೆ ಬಣ್ಣ ನೂಲಿನ ಅಡಿಗೆ ನುಗ್ಗಿ ಗೆರೆ ಮಾಸುತ್ತೆ. ಎರಡು-ಮೂರು ನಿಮಿಷ ಬಿಟ್ಟು ನೆಟ್ ಎಳೆಯದೆ ಬಿಚ್ಚಿ ಎತ್ತಿ. ಹೊಟ್ಟೆ ಕಡೆ ನೆಟ್ ಸುಕ್ಕು ಬರುತ್ತೆ, ಆದ್ದರಿಂದ ಸೇರೋ ಜಾಗ ಯಾವಾಗಲೂ ಹೊಟ್ಟೆಗೇ ಇರಲಿ, ಅಲ್ಲಿ ಹೇಗೂ ಬಿಳಿ ಬರುತ್ತೆ.

ಕೊನೆಯ ಪಾರದರ್ಶಕ ಎಪಾಕ್ಸಿ: ಎರಡೂ ಭಾಗ ಸರಿಸಮ, ಒಂದು ಲೂರ್‌ಗೆ 2 ಎಂಎಲ್ ಜೊತೆ 2 ಎಂಎಲ್ ಸಾಕು. ಕಣ್ಣಂದಾಜು ಬೇಡ, ಸಿರಿಂಜಲ್ಲಿ ಅಳೆಯಿರಿ. ಒಂದು ಭಾಗ ಹೆಚ್ಚಾದರೆ ವಾರ ಕಳೆದರೂ ಅಂಟಂಟು. ನಿಧಾನವಾಗಿ ಮೂರು ನಿಮಿಷ ಕಲಸಿ, ಬಿರುಸಾಗಿ ಕಲಸಿದರೆ ನೊರೆ. ಹಚ್ಚಿದ ಮೇಲೆ ನಿಮಿಷಕ್ಕೆ ಐದಾರು ಸುತ್ತು ತಿರುಗೋ ಮೋಟಾರ್‌ಗೆ ಕಟ್ಟಿ ಆರು ಗಂಟೆ ಬಿಡಿ. ನಿಂತಲ್ಲೇ ಇಟ್ಟರೆ ಎಲ್ಲ ಹೊಟ್ಟೆಗೆ ಇಳಿದು ಗಂಟಾಗುತ್ತೆ. ಸಣ್ಣ ಗುಂಡಿಗಳು ಬಿದ್ದರೆ ಅದಕ್ಕೆ ಕಾರಣ ನಿಮ್ಮ ಬೆರಳಿನ ಜಿಡ್ಡು, ಬಣ್ಣ ಆದಮೇಲೆ ಕೈಗವಸು ತೆಗೆಯಲೇಬೇಡಿ.

ಮಲಪ್ರಭಾ_ದಂಡಿ

ಮಾರೂದರ ಬಗ್ಗೆ ನಾ ಹೇಳ್ತೀನ್ರಿ. ಮೊದಲ ಕೆಲಸ, ಬೆಲೆ ತಿಳ್ಕೊಳ್ಳೂದು. ಇಬೇನಾಗ ಜನ ಕೇಳೂ ಬೆಲೆ ನೋಡಬ್ಯಾಡ್ರಿ, ಅದು ಆಸೆ ಅಷ್ಟ. ಮಾರಾಟ ಆಗಿ ಮುಗಿದಿದ್ದರ ಪಟ್ಟಿ ಅಂತ ಫಿಲ್ಟರ್ ಅದ, ಅದನ್ನ ಹಚ್ಚಿ ಅದ ಮಾದರಿ, ಅದ ಬಣ್ಣ, ಅದ ಗಾಳದ ರಿಗ್, ಇವು ಮೂರೂ ಹೊಂದಿದ್ದನ್ನ ಹುಡುಕ್ರಿ. ಒಂದ ಮಾದರಿ ಇದ್ರೂ ಬಣ್ಣ ಬ್ಯಾರೆ ಆದ್ರ ಬೆಲೆ ನಾಕೈದು ಪಟ್ಟು ಏರತದ, ಇಳಿತದ.

ದೊಡ್ಡ ಸುದ್ದಿ ಓದಿ ಲೆಕ್ಕ ಹಾಕಬ್ಯಾಡ್ರಿ. ಒಹಾಯೋದ ಪೇನ್ಸ್‌ವಿಲ್ ಊರಿನ ರೈಲಿ ಹ್ಯಾಸ್ಕೆಲ್ 1859ರಾಗ ಪೇಟೆಂಟ್ ತಗೊಂಡ ತಾಮ್ರದ ಮೀನಿನ ಲೂರ್, ಅದರ ದೊಡ್ಡ ಅಳತೀದು ಒಂದು, 2003ರಾಗ ಲ್ಯಾಂಗ್ಸ್ ಹರಾಜಿನಾಗ 1,01,200 ಡಾಲರ್‌ಗೆ ಹೋತು. ಅದು ಒಂದ ಒಂದು. ನಿಮ್ಮ ಬಾಸ್-ಒರೆನೋ ಹತ್ತು-ಇಪ್ಪತ್ತು ಡಾಲರ್ ಮಾಲು. ಅಂಥಾವನ್ನೆಲ್ಲ ಒಂದೊಂದ ಮಾರಿದ್ರ ಅಂಚೆ ಖರ್ಚಿಗೇ ಸರಿ ಹೋಗ್ತದ, ಐದಾರು ಕೂಡಿಸಿ ಒಂದ ಲಾಟ್ ಮಾಡ್ರಿ. ಕಪ್ ರಿಗ್ ಹೆಡನ್ 150 ಮಾತ್ರ ಒಂಟಿಯಾಗೇ ಹೋಗಬೇಕು. ಅದಕ್ಕ ನ್ಯಾಷನಲ್ ಫಿಶಿಂಗ್ ಲೂರ್ ಕಲೆಕ್ಟರ್ಸ್ ಕ್ಲಬ್ ಅಂತ ಅದ, 1976ರಾಗ ಹುಟ್ಟಿದ್ದು, ಅವರ ಪ್ರದರ್ಶನ ಮಧ್ಯಪಶ್ಚಿಮದ ರಾಜ್ಯಗಳಾಗ ಆಗ್ತಾವ. ಅಲ್ಲಿ ಮೇಜಿನ ಮ್ಯಾಲೆ ಇಟ್ಟು ನಾಕು ಮಂದಿ ಹತ್ರ ಮಾತು ಕೇಳಿ, ಆಮ್ಯಾಲೆ ಬೆಲೆ ನಿಶ್ಚಯ ಮಾಡ್ರಿ. ಮೊದಲ ಕೇಳಿದಾವರಿಗೇ ಕೊಡಬ್ಯಾಡ್ರಿ.

ಫೋಟೋ: ಎಂಟು ಇರಲಿ. ಎರಡೂ ಮಗ್ಗಲು, ಬೆನ್ನು, ಹೊಟ್ಟಿ, ಮೂಗು, ಬಾಲ, ಕಣ್ಣಿನ ಹತ್ರದ್ದೊಂದು, ಗಾಳ ಕೂತ ಜಾಗದ್ದೊಂದು. ಬಾಜೂಕ ಅಳತಿ ಪಟ್ಟಿ ಇಡ್ರಿ. ಫ್ಲ್ಯಾಶ್ ಬ್ಯಾಡ, ಕಿಟಕಿ ಬೆಳಕು, ಬೂದಿ ಬಣ್ಣದ ಕಾಗದ ಕೆಳಗ. ಬಿಳಿ ಕಾಗದ ಇಟ್ರ ಬಿಳಿ ಹೊಟ್ಟಿ ಮ್ಯಾಲಿನ ಬಿರುಕು ಕಾಣೂದಿಲ್ಲ, ಆಮ್ಯಾಲೆ ವಾಪಸ್ ಬರ್ತದ. ವಿವರದಾಗ ಹುಕ್ ಡ್ರ್ಯಾಗ್, ಅಂದ್ರ ಗಾಳ ಜೋಲಾಡಿ ಗೀಚಿದ ಅರ್ಧಚಂದ್ರದ ಗೆರಿ, ಮತ್ತ ಪಾಯಿಂಟರ್, ಅಂದ್ರ ಗಾಳದ ಮೊನಿ ಚುಚ್ಚಿದ ಸಣ್ಣ ತೂತು, ಇವೆಲ್ಲ ಎಲ್ಲಿ ಎಷ್ಟು ಅದಾವ ಅಂತ ಬರೀರಿ. ಮರುಬಣ್ಣದ್ದನ್ನ ಮಾರೂದಾದ್ರ ಶೀರ್ಷಿಕೆದಾಗೇ ಬರೀರಿ, ಕೆಳಗ ಎಲ್ಲೋ ಸಣ್ಣ ಅಕ್ಷರದಾಗ ಅಲ್ಲ. ನೀವು ತೊಳೆದದ್ದೂ ಬರೀರಿ.

718 ಡಬ್ಬಿ ಮಾರೂಕ್ಕಿಂತ ಮೊದಲ ಅದು ಖರೇನ ಹಳೇದ ಏನು ನೋಡ್ರಿ. ಈಗ ಪ್ರಿಂಟರ್‌ನಾಗ ತೆಗೆದ ನಕಲಿ ಡಬ್ಬಿ ಬರ್ತಾವ. ಹತ್ತು ಪಟ್ಟು ದೊಡ್ಡದು ಮಾಡೂ ಲೂಪ್‌ನಾಗ ನೋಡಿದ್ರ ಇಂಕ್‌ಜೆಟ್‌ನ ಚುಕ್ಕಿ ಚದುರಿ ಬಿದ್ದದ್ದು ತಿಳೀತದ. ಒಳಗಿನ ರಟ್ಟು ಹೊಸ ಬಿಳಿ ಇದ್ರೂ ಅನುಮಾನ ಪಡ್ರಿ, ಹಳೇದು ಬೂದಿ ಇಲ್ಲಾ ಕಂದು ಇರ್ತದ.

ಪ್ಯಾಕಿಂಗ್: ಪ್ರತಿ ಟ್ರೆಬಲ್ ಗಾಳಕ್ಕ ಫೋಮ್ ತುಂಡು ಚುಚ್ಚಿ ದಾರ ಕಟ್ರಿ, ಟೇಪ್ ಮೈಗೆ ತಾಗಬಾರದು. ಮೊದಲ ಸುತ್ತು ಆಮ್ಲ ಇಲ್ಲದ ಟಿಶ್ಯೂ, ಆಮ್ಯಾಲೆ ಬಬಲ್ ರ‍್ಯಾಪ್. ಬಬಲ್ ರ‍್ಯಾಪ್ ಸೀದಾ ಬಣ್ಣಕ್ಕ ತಾಗಿದ್ರ ಬ್ಯಾಸಗಿ ಶೆಕಿಗೆ ಗುಂಡಗಿನ ಕಲಿ ಮೂಡ್ತಾವ. ಡಬ್ಬಿಯೊಳಗ ಡಬ್ಬಿ ಇಟ್ಟು ಕಳಸ್ರಿ. ಇಬೇ ಶುಲ್ಕ ಸುಮಾರು ಶೇ 13ರ ಮ್ಯಾಲೆ ಹೋಗ್ತದ, ಅಂಚೆ ಮೊತ್ತದ ಮ್ಯಾಲೂ ಹಾಕ್ತಾರ, ಲೆಕ್ಕದಾಗ ಇರಲಿ.

ವೀಸಾ: ಎಚ್-1ಬಿ ಇದ್ದಾವರಿಗೆ ಕೆಲಸದ ಪರವಾನಗಿ ಇರೂದು ಅರ್ಜಿ ಹಾಕಿದ ಕಂಪನಿಗೆ ಅಷ್ಟ. ಮನ್ಯಾಗಿನ ಒಂದು ಪೆಟಿಗಿ ಸಾಮಾನು ಒಮ್ಮೆ ಮಾರೂದು ಬ್ಯಾರೆ. ಪ್ರತಿ ವಾರ ಸೇಲ್‌ಗೆ ಹೋಗಿ, ತಂದು, ಲಾಭಕ್ಕ ಮಾರ್ಕೋತ ಹೋದ್ರ ಅದು ಸ್ವಂತ ವ್ಯಾಪಾರ ಅಂತ ಅನ್ನಿಸ್ಕೊಳ್ಳಬಹುದು. ಎರಡನೇ ಪೆಟಿಗಿ ಮಾರಾಕ ತಗೊಳ್ಳೂ ಮೊದಲ ವಲಸೆ ವಕೀಲರನ್ನ ಕೇಳ್ರಿ. ಲಾಭದ ಮ್ಯಾಲೆ ತೆರಿಗಿ ಅದ. ವರ್ಷದ ಮ್ಯಾಲೆ ಇಟ್ಟು ಮಾರಿದ ಸಂಗ್ರಹದ ವಸ್ತುವಿಗೆ ಕೇಂದ್ರ ತೆರಿಗಿ ಗರಿಷ್ಠ ಶೇ 28. ಕೊಂಡ ರಸೀದಿ ಇಟ್ಕೊಳ್ರಿ.

ಕಾವೇರಿ_ಮಡು

ಇದೇ ಎಳೆಯಲ್ಲಿ ಊರಿನವರಿಗೆ ಒಂದು ಮಾತು ಸೇರಿಸ್ತೀನಿ. ಮೈಸೂರು, ಕೊಡಗಿನ ಹಳೇ ತೋಟದ ಬಂಗಲೆಗಳ ಸಾಮಾನು ವಿಲೇವಾರಿ ಆಗುವಾಗ ಮಶೀರ್ ಅನ್ನೋ ದೊಡ್ಡ ಹೊಳೆಮೀನು ಹಿಡಿಯೋ ಸ್ಪೂನ್‌ಗಳು ಬರೋದುಂಟು. ಹೆಚ್ಚಿನವು ಇಂಗ್ಲೆಂಡಿನವು. ಒಳಮೈ ಮೇಲೆ ಹಾರ್ಡಿ ಅಥವಾ ರೆಡಿಚ್ ಊರಿನ ಆಲ್‌ಕಾಕ್ ಅನ್ನೋ ಕಂಪನಿಯ ಅಚ್ಚು ಇದೆಯಾ ಅಂತ ಗಾಜಿನಕಣ್ಣು ಅವರು ಹೇಳಿದ ಓರೆ ಬೆಳಕಲ್ಲೇ ನೋಡಿ. ಒಂದು ಮಗ್ಗುಲು ತಾಮ್ರ, ಇನ್ನೊಂದು ಬೆಳ್ಳಿ ಲೇಪ ಇರೋದು ಸಾಮಾನ್ಯ, ಆದ್ದರಿಂದ ಹುಣಸೆಹಣ್ಣಿನ ಎಚ್ಚರಿಕೆ ಇಲ್ಲಿ ಎರಡು ಪಟ್ಟು. ಗಾಳ ದಪ್ಪ ಇದ್ದರೆ ಒರಟು ಕೆಲಸ ಅಂದುಕೊಂಡು ಬದಲಿಸಬೇಡಿ. ಮಶೀರ್‌ನ ದವಡೆ ಹಿಡಿತಕ್ಕೆ ಸಾಧಾರಣ ಗಾಳ ಮುರೀತಿತ್ತು, ಅದಕ್ಕೇ ಅಷ್ಟು ಗಟ್ಟಿ ಮಾಡಿದ್ದು.

ಸ್ಪೂನ್ ಜೊತೆ ಪತ್ರ, ಫೋಟೋ, ಮೀನಿನ ತೂಕ ಬರೆದ ಡೈರಿ ಸಿಕ್ಕರೆ ಬೇರೆ ಮಾಡಬೇಡಿ. ಕಾವೇರಿಯಲ್ಲಿ 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ 120 ಪೌಂಡ್ ಮಶೀರ್ ಹಿಡಿದ ದಾಖಲೆ ಇದೆ. ಆ ಕಾಲದ, ಆ ನದಿಯ ಸಾಮಾನು ಅಂತ ಕಾಗದದಲ್ಲಿ ತೋರಿಸೋಕೆ ಆದರೆ ಸ್ಪೂನ್‌ಗಿಂತ ಕಾಗದಕ್ಕೇ ತೂಕ ಹೆಚ್ಚು. ಆ ಗೂನುಬೆನ್ನಿನ ಮಶೀರ್ 2018ರಿಂದ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ವರ್ಗದಲ್ಲಿದೆ. ಆದ್ದರಿಂದ ಹಳೇ ಸ್ಪೂನ್ ಕೆಲಸ ಮಾಡುತ್ತಾ ಅಂತ ಹೊಳೆಯಲ್ಲಿ ಪರೀಕ್ಷೆ ಮಾಡೋದು ಬೇಡವೇ ಬೇಡ.

ಹೊರದೇಶಕ್ಕೆ ಕಳಿಸೋ ಮೊದಲು ವಯಸ್ಸು ನೋಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು ಖಾಸಗಿಯವರು ರಫ್ತು ಮಾಡೋ ಹಾಗಿಲ್ಲ. ನೂರರ ಒಳಗಿನದು ಅಂತ ನಿಮಗೆ ಗೊತ್ತಿದ್ದರೂ ಕಸ್ಟಮ್ಸ್‌ನಲ್ಲಿ ಅನುಮಾನ ಬಂದರೆ ಪಾರ್ಸೆಲ್ ನಿಲ್ಲುತ್ತೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾವಸ್ತು ಅಲ್ಲ ಅನ್ನೋ ಪ್ರಮಾಣಪತ್ರ ಮೊದಲೇ ಮಾಡಿಸಿ ಪಾರ್ಸೆಲ್ ಜೊತೆ ಒಂದು ಪ್ರತಿ ಲಗತ್ತಿಸಿ. ನೂರು ದಾಟಿದ್ದಾದರೆ ಗಿರಾಕಿಯನ್ನು ದೇಶದೊಳಗೇ ಹುಡುಕಿ.